ಕುವೆಂಪುರವರ ಬಾಲ್ಯವೂ ಮಲೆನಾಡಿನ ಮಕ್ಕಳ ಆಟವೂ

ಮೂಡಿಗೆರೆ, ಕಳಸ ಮೊದಲಾದ ಕಡೆಗಳ ಕಾಫಿತೋಟಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರ ತಾಯಂದಿರು ನಮ್ಮೊಡನೆ ಹೇಳಿಕೊಳ್ಳುವ ಸಂಕಟಗಳಲ್ಲಿ ಒಂದು ಎಂದಿಗೂ ತಪ್ಪುವುದಿಲ್ಲ. ಮನೆಯ ಚಿಕ್ಕ ಮಕ್ಕಳು ಒಳಗೆ ನಿಲ್ಲುವುದಿಲ್ಲ. ಮಳೆಯೆನ್ನದೆ, ಇಂಬಳವೆನ್ನದೆ ಹಳ್ಳದ ಕಡೆಗೆ ಓಡುತ್ತವೆ. ಇವನ್ನು ಹಿಡಿದು ಕೂರಿಸುವುದು ಹೇಗೆ ಎಂಬುದೇ ಅದು. ಅದಕ್ಕೆ ಉತ್ತರವಾಗಿ ಇದೇ ಮಲೆನಾಡಿನ ಮಹನೀಯರೊಬ್ಬರ ಜೀವಿತವನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಕುವೆಂಪು ಎಂದು ಖ್ಯಾತರಾದ ಪುಟ್ಟಪ್ಪನವರು 1904ನೆಯ ಇಸವಿ ಡಿಸೆಂಬರ್ 29ರಂದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ, ಜನಿಸಿದರು. ಬೆಳೆದುದು ಮಾತ್ರ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ತಂದೆ ವೆಂಕಟಪ್ಪನವರ ಮನೆಯಲ್ಲಿ. ಮುಂದೆ ಅಡಕೆತೋಟ, ಹಿಂದೆ ದಟ್ಟವಾದ ಕಾಡು, ಅದರ ಮೇಲೆ ಬಂಡೆಗಳ ಗುಡ್ಡ. ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರೊಬ್ಬರು ಮನೆಯಲ್ಲಿಯೇ ಅಕ್ಷರ ಕಲಿಸಿದರು. ಅದು ಒಂದು ಪಾಠ. ಗದ್ದೆಯ ಅಂಚು, ಹಳ್ಳದ ಮೀನು, ಹಕ್ಕಿಗಳ ಕೂಗು, ಬೇಟೆಯಿಂದ ಮರಳಿದವರ ಮಾತು, ಇವು ಇನ್ನೊಂದು ಪಾಠ. ಎರಡರಲ್ಲಿ ಯಾವುದು ಹೆಚ್ಚು ಫಲಿಸಿತೆಂದು ನಮ್ಮನ್ನು ಕೇಳಿದರೆ, ಉಪಾಧ್ಯಾಯಿನಿಯರಾದ ನಾವು ಉತ್ತರ ಹೇಳಲು ಸಂಕೋಚಪಡಬೇಕಾದೀತು!

ಹಿರಿಯರು ಮಕ್ಕಳನ್ನು ಕಾಡಿಗೆ ಬಿಟ್ಟು ಮರೆತರೆಂದು ಯಾರೂ ತಿಳಿಯಬಾರದು. ಅಂದಿನ ಕೂಡುಕುಟುಂಬದಲ್ಲಿ ಅಜ್ಜ, ದೊಡ್ಡಪ್ಪ, ಆಳುಮಕ್ಕಳು, ಹೀಗೆ ಹತ್ತಾರು ಕಣ್ಣುಗಳಿದ್ದವು. ಇಂದಿನ ತೋಟದ ಮನೆಗಳಲ್ಲಿ ಹಲವೆಡೆ ತಾಯಿಯೊಬ್ಬಳೇ. ತೋಟದ ಕೆರೆಯೂ ಪಲ್ಪರಿನ ಗುಂಡಿಯೂ ಭಯಪಡತಕ್ಕ ಸ್ಥಳಗಳೇ ಸರಿ. ಅವಕ್ಕೆ ಗಟ್ಟಿಯಾದ ಬೇಲಿ ಹಾಕಿಸಬೇಕು. ಮಗುವಿಗೆ ಬೇಲಿ ಹಾಕಬಾರದು. ಇಂಬಳ ಕಚ್ಚಿದರೆ ಉಪ್ಪೋ ಸುಣ್ಣವೋ ಮನೆಯಲ್ಲಿ ಇದ್ದೇ ಇರುತ್ತದೆ.

ಪುಟ್ಟಪ್ಪನವರು ಹನ್ನೆರಡರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡರು. ತೀರ್ಥಹಳ್ಳಿಯ ಎ.ವಿ. ಶಾಲೆಯ ತರುವಾಯ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು, ಆಮೇಲೆ ಮಹಾರಾಜಾ ಕಾಲೇಜು, 1929ರಲ್ಲಿ ಎಂ.ಎ.; ಅಲ್ಲಿಯೇ ಅಧ್ಯಾಪಕ ವೃತ್ತಿ; 1956ರಿಂದ 1960ರ ವರೆಗೆ ವಿಶ್ವವಿದ್ಯಾನಿಲಯದ ಕುಲಪತಿ ಪದವಿ. ಈ ಸಂಗತಿಗಳು ಪಾಠಪುಸ್ತಕಗಳಲ್ಲಿ ಇರುವುದರಿಂದ ಬೆಳೆಸುವುದಿಲ್ಲ. ನಮಗೆ ಮುಖ್ಯವಾದುದು ಬೇರೆ. ನಗರದಲ್ಲಿ ಕುಳಿತು ಅವರು ಬರೆದುದು ಬಾಲ್ಯದ ಕಾಡನ್ನು. 1933ರ ಮಲೆನಾಡಿನ ಚಿತ್ರಗಳು, 1936ರ ಕಾನೂರು ಹೆಗ್ಗಡಿತಿ, 1967ರ ಮಲೆಗಳಲ್ಲಿ ಮದುಮಗಳು, ಇವೆಲ್ಲವುಗಳಲ್ಲಿ ತೊಯ್ದ ಮಣ್ಣಿನ ವಾಸನೆಯುಂಟು. ಎಳವೆಯಲ್ಲಿ ಜಗಲಿಯಲ್ಲಿಯೇ ಕೂರಿಸಿದ್ದರೆ ಅದು ಎಲ್ಲಿಂದ ಬರುತ್ತಿತ್ತು?

1937ರಲ್ಲಿ ಹೇಮಾವತಿಯವರನ್ನು ವಿವಾಹವಾದರು. ಮೈಸೂರಿನ ಉದಯರವಿಯಲ್ಲಿ ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಬೆಳೆದರು. 1938ರಲ್ಲಿ ಹುಟ್ಟಿದ ಹಿರಿಯ ಮಗ ತೇಜಸ್ವಿಯವರ ತುಂಟತನವೂ ಅಲೆದಾಟದ ಹುಚ್ಚೂ ಪ್ರಸಿದ್ಧವಾದುವು. ಅಣ್ಣನ ನೆನಪು ಎಂಬ ಪುಸ್ತಕದಲ್ಲಿ ಅವರೇ ಅದನ್ನು ಬರೆದಿದ್ದಾರೆ. ಅಣ್ಣ ಎಂದರೆ ಅಲ್ಲಿ ತಂದೆ. ಎಂ.ಎ. ಮುಗಿಸಿದ ಆ ಮಗ ಕಾಲೇಜಿನ ಕುರ್ಚಿಯನ್ನು ಬಯಸದೆ ನಮ್ಮ ಮೂಡಿಗೆರೆಗೆ ಬಂದು ಕಾಫಿ ಬೆಳೆದರು, ಮೀನು ಹಿಡಿದರು, ಹಕ್ಕಿಗಳ ಚಿತ್ರ ತೆಗೆದರು, ಕನ್ನಡಕ್ಕೆ ಕರ್ವಾಲೊ ಕಾದಂಬರಿಯನ್ನು ಕೊಟ್ಟರು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು. ನಮ್ಮ ಅನೇಕ ಮನೆಗಳಲ್ಲಿ ಗಂಡುಮಗುವಿಗೆ ಹಳ್ಳ, ಹೆಣ್ಣುಮಗುವಿಗೆ ಜಗಲಿ. ಅಣ್ಣತಮ್ಮಂದಿರು ಮರ ಹತ್ತುವಾಗ ಅಕ್ಕತಂಗಿಯರು ಕಿಟಕಿಯಲ್ಲಿ ನಿಂತು ನೋಡುವುದನ್ನು ಕಂಡಿದ್ದೇವೆ. ಕಾಡು ಹುಡುಗರಿಗಾಗಿ ಮಾತ್ರ ಬೆಳೆದುದಲ್ಲವಷ್ಟೆ.

ಕುವೆಂಪುರವರು 1994ನೆಯ ಇಸವಿ ನವೆಂಬರ್ 11ರಂದು ಮೈಸೂರಿನಲ್ಲಿ ಕಾಲವಾದರು. ಅಂತ್ಯಸಂಸ್ಕಾರವು ಕುಪ್ಪಳಿಯ ಮನೆಯ ಹಿಂದಿನ ಗುಡ್ಡದಲ್ಲಿ, ಅವರು ಕವಿಶೈಲವೆಂದು ಕರೆದ ಬಂಡೆಗಳ ನಡುವೆ ನಡೆಯಿತು. ಆ ಮನೆ ಇಂದು ಕವಿಮನೆಯೆಂಬ ಹೆಸರಿನಿಂದ ಸಂದರ್ಶಕರಿಗೆ ತೆರೆದಿದೆ. ಕೊಪ್ಪದ ದಾರಿಯಾಗಿ ಮಕ್ಕಳನ್ನು ಕರೆದೊಯ್ಯುವವರು ಕಾರನ್ನು ಕೆಳಗೆ ನಿಲ್ಲಿಸಿ ಅವರನ್ನು ನಡೆಸಿಯೇ ಮೇಲೆ ಹತ್ತಿಸಲಿ. ಮಳೆಗಾಲದಲ್ಲಿ ಬಂಡೆಗಳು ಜಾರುವುದರಿಂದ ಕ್ರಿಸ್ಮಸ್ ರಜೆಯಲ್ಲಿ ಹೋಗುವುದು ಲೇಸು.