ಡಾ. ವಿ. ರಾಮಲಿಂಗಸ್ವಾಮಿ (1921–2001)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಅಂಗಡಿಗಳಲ್ಲಿ ಇಂದು ದೊರೆಯುವ ಅಯೋಡಿನ್‌ಯುಕ್ತ ಉಪ್ಪಿನ ಹಿಂದೆ ಒಬ್ಬ ವೈದ್ಯವಿಜ್ಞಾನಿಯ ದೀರ್ಘ ಪರಿಶ್ರಮವಿದೆ. ಅವರೇ ಡಾ. ವುಲಿಮಿರಿ ರಾಮಲಿಂಗಸ್ವಾಮಿ.

ಇವರು 1921ರ ಆಗಸ್ಟ್ 8ರಂದು ಆಂಧ್ರದ ಶ್ರೀಕಾಕುಳಂನಲ್ಲಿ ಜನಿಸಿದರು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪದವಿಯನ್ನೂ ಆಕ್ಸ್‌ಫರ್ಡ್‌ನಲ್ಲಿ ಉನ್ನತ ಸಂಶೋಧನೆಯನ್ನೂ ಪೂರೈಸಿ, ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದಲ್ಲಿ ಸೇವೆ ಸಲ್ಲಿಸಿದರು. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರೂ ಆದರು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಇವರ ಹೆಸರನ್ನು ಚಿರಸ್ಥಾಯಿಯಾಗಿಸಿದ್ದು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯ ಅಧ್ಯಯನ. ಅಲ್ಲಿ ಗಳಗಂಡ ರೋಗವು ವ್ಯಾಪಕವಾಗಿತ್ತು. 1956ರಲ್ಲಿ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಮೂರನೆಯದಕ್ಕೆ ಸಾದಾ ಉಪ್ಪನ್ನೂ ಪೂರೈಸಲಾಯಿತು. 1962ರ ವೇಳೆಗೆ ಅಯೋಡಿನ್ ದೊರೆತ ಒಂದು ವಲಯದಲ್ಲಿ ರೋಗದ ಪ್ರಮಾಣವು ಸುಮಾರು ಶೇ. 38ರಿಂದ 19ಕ್ಕೆ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇಳಿಕೆ ಕಾಣಲಿಲ್ಲ. ಹೋಲಿಕೆಗೆಂದು ಉಳಿಸಿದ್ದ ಆ ವಲಯಕ್ಕೂ ಬಳಿಕ ಅಯೋಡಿನ್‌ಯುಕ್ತ ಉಪ್ಪನ್ನೇ ಒದಗಿಸಲಾಯಿತೆಂಬುದು ಗಮನಾರ್ಹ. ಅದೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದಿತು.

ಕುತ್ತಿಗೆಯ ಬಾವು ಕಣ್ಣಿಗೆ ಕಾಣುತ್ತದೆ; ಮೆದುಳಿಗಾಗುವ ಹಾನಿ ಕಾಣುವುದಿಲ್ಲ. ಥೈರಾಯ್ಡ್ ಹಾರ್ಮೋನು ಉತ್ಪತ್ತಿಯಾಗಲು ಅಯೋಡಿನ್ ಅತ್ಯಗತ್ಯ. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳು ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ರಾಮಲಿಂಗಸ್ವಾಮಿಯವರು 2001ರ ಮೇ 28ರಂದು ನಿಧನರಾದ ಮೇಲೆ, 2004ರಲ್ಲಿ ಇಟಲಿಯ ಸಿಸಿಲಿಯಿಂದ ಒಂದು ವರದಿ ಪ್ರಕಟವಾಯಿತು. ಅಯೋಡಿನ್ ಕೊರತೆಯ ಪ್ರದೇಶದ ತಾಯಂದಿರಿಗೆ ಜನಿಸಿದ 16 ಮಕ್ಕಳಲ್ಲಿ 11 ಮಕ್ಕಳಿಗೆ ಗಮನ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಇತ್ತು. ಕೊರತೆ ಅಷ್ಟಾಗಿಲ್ಲದ ಪ್ರದೇಶದ 11 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಅಧ್ಯಯನ ಚಿಕ್ಕದು. ಪಾಠದಲ್ಲಿ ಮನಸ್ಸು ನಿಲ್ಲಿಸದ ಪ್ರತಿಯೊಂದು ಮಗುವಿಗೂ ಥೈರಾಯ್ಡ್ ದೋಷವಿದೆಯೆಂದು ಇದರಿಂದ ಭಾವಿಸತಕ್ಕದ್ದಲ್ಲ. ಆದರೆ ಗಮನದ ಕೊರತೆಯೊಂದಿಗೆ ಬೆಳವಣಿಗೆ ಕುಂಠಿತವಾಗಿದ್ದರೆ, ಜಡತ್ವ, ಮಲಬದ್ಧತೆ ಅಥವಾ ಕುತ್ತಿಗೆಯ ಬಾವು ಇದ್ದರೆ ಪೋಷಕರು ವೈದ್ಯರಲ್ಲಿ ರಕ್ತಪರೀಕ್ಷೆಯ ಕುರಿತು ವಿಚಾರಿಸಬೇಕು. ಹುಟ್ಟಿನಿಂದಲೇ ಹಾರ್ಮೋನಿನ ಕೊರತೆಯುಳ್ಳ ಶಿಶುವಿಗೆ ಮೊದಲ ಎರಡು ವಾರಗಳೊಳಗೆ ಔಷಧಿ ಆರಂಭಿಸಿದಲ್ಲಿ ಬುದ್ಧಿಮಾಂದ್ಯವನ್ನು ಬಹುಮಟ್ಟಿಗೆ ತಡೆಯಬಹುದು.

ನೇರ ಮಾನವ ಬಳಕೆಗೆ ಅಯೋಡಿನ್‌ರಹಿತ ಉಪ್ಪಿನ ಮಾರಾಟವನ್ನು 2006ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಬಳಕೆದಾರರನ್ನು ತಲುಪುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರತಕ್ಕದ್ದು. ಹರಳುಪ್ಪನ್ನು ತೊಳೆದು ಬಳಸಿದಲ್ಲಿ ಅಯೋಡಿನ್ ನೀರಿನೊಡನೆ ಹೋಗುತ್ತದೆ. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಶಾಖ ಹಾಗೂ ತೇವದಿಂದ ದೂರವಿರಿಸಬೇಕು.