ಕಾಂಚಿಗೆ ಹೋದ ವಿದ್ಯಾರ್ಥಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಸಮೀಪವಾಗಿ ತಾಳಗುಂದವೆಂಬ ಗ್ರಾಮವಿದೆ. ಅದರ ಪ್ರಾಚೀನ ನಾಮ ಸ್ಥಾನಕುಂದೂರು. ಅಲ್ಲಿಂದ ವಾಯವ್ಯ ದಿಕ್ಕಿನಲ್ಲಿ ಸೊರಬ ತಾಲ್ಲೂಕನ್ನು ದಾಟಿದರೆ ವರದಾ ನದೀತೀರದ ಬನವಾಸಿ ದೊರೆಯುತ್ತದೆ. ಇವೆರಡರ ನಡುವಣ ದಾರಿ ಒಂದು ಹಗಲಿನ ನಡಿಗೆಯಷ್ಟೆ. ಆದರೆ ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಸ್ಥಾನಕುಂದೂರಿನ ತರುಣನೊಬ್ಬನು ಬನವಾಸಿಯ ಸಿಂಹಾಸನವನ್ನು ಸೇರಿದುದು ಈ ಹತ್ತಿರದ ದಾರಿಯಿಂದಲ್ಲ. ಐದುನೂರು ಕಿಲೋಮೀಟರಿಗೂ ದೂರದಲ್ಲಿರುವ ಕಾಂಚೀಪುರವನ್ನು ಬಳಸಿಕೊಂಡು. ಆತನೇ ಕದಂಬ ರಾಜವಂಶದ ಮೂಲಪುರುಷನಾದ ಮಯೂರಶರ್ಮ.

ಮಯೂರಶರ್ಮನ ಮನೆತನವು ಮಾನವ್ಯ ಗೋತ್ರದ ವೈದಿಕ ಮನೆತನ. ವೇದಾಧ್ಯಯನ, ಯಜ್ಞಯಾಗಾದಿಗಳು ಅವರ ನಿತ್ಯದ ಬದುಕು. ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವೊಂದನ್ನು ಅವರು ಅಕ್ಕರೆಯಿಂದ ಸಾಕಿದುದರಿಂದ ಕುಲಕ್ಕೆ ಆ ಮರದ ಹೆಸರೇ ನಿಂತಿತು. ಇಂತಹ ಮನೆಯಲ್ಲಿ ಹುಟ್ಟಿದ ಹುಡುಗನು ಪಂಡಿತನಾಗಬೇಕೆಂದು ಹಿರಿಯರು ಬಯಸಿದ್ದರೆ ಅದು ಸಹಜವೇ. ಕಾಂಚಿಯು ಆಗ ಪಲ್ಲವರ ರಾಜಧಾನಿ. ಅಲ್ಲಿನ ಉನ್ನತ ವಿದ್ಯಾಕೇಂದ್ರವನ್ನು ಘಟಿಕೆಯೆಂದು ಕರೆಯುತ್ತಿದ್ದರು. ತನ್ನ ತಾತನೂ ಗುರುವೂ ಆದ ವೀರಶರ್ಮನೊಡನೆ ಮಯೂರಶರ್ಮನು ಪ್ರಯಾಣ ಮಾಡಿ, ಸಮಸ್ತ ಶಾಸ್ತ್ರಗಳನ್ನೂ ಕಲಿಯುವ ಆಕಾಂಕ್ಷೆಯಿಂದ ಆ ಘಟಿಕೆಯನ್ನು ಪ್ರವೇಶಿಸಿದನು.

ಹುಟ್ಟಿದೂರಿನಲ್ಲಿ ಯಾರೂ ನೀನಾರೆಂದು ಕೇಳುವುದಿಲ್ಲ. ಪರರಾಜ್ಯಕ್ಕೆ ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆಯೇ ಅದು. ಮಯೂರಶರ್ಮನಿಗೆ ಈ ಪ್ರಶ್ನೆ ಬಹು ಕಠೋರವಾಗಿ ಎದುರಾಯಿತು. ಕಾಂಚಿಯಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಆತನಿಗೆ ತೀವ್ರವಾದ ಕಲಹವುಂಟಾಯಿತು, ಆತನು ಅವಮಾನಿತನಾದನು. ಗುರುಕುಲದಲ್ಲಿ ಎಷ್ಟೇ ಶ್ರದ್ಧೆಯಿಂದ ಸೇವೆ ಮಾಡಿದರೂ, ಎಷ್ಟೇ ಶಾಸ್ತ್ರಗಳನ್ನು ಅಭ್ಯಾಸ ಮಾಡಿದರೂ, ಆ ವಿದ್ಯೆ ಸಾರ್ಥಕವಾಗುವುದು ಅರಸನ ಕೃಪೆಯಿಂದಲೇ ಎಂಬುದಾದರೆ ಅದಕ್ಕಿಂತ ದುಃಖವೇನಿದೆ ಎಂದು ಆತನು ಮರುಗಿದನು. ಈ ಕೊರಗು ಕೇವಲ ಒಬ್ಬ ಸವಾರನ ಮೇಲಿನ ಸಿಟ್ಟಲ್ಲ. ತನ್ನ ಬೆನ್ನಿಗೆ ತನ್ನದೆಂಬ ರಾಜ್ಯವಿಲ್ಲವೆಂಬ ಅರಿವು ಅದರ ಹಿಂದೆ ಇದ್ದಂತೆ ತೋರುತ್ತದೆ. ಸ್ಥಾನಕುಂದೂರಿನಲ್ಲಿಯೇ ಉಳಿದಿದ್ದರೆ ಆ ಅರಿವು ಆತನಿಗೆ ಮೂಡುತ್ತಿತ್ತೋ ಇಲ್ಲವೋ!

ದರ್ಭೆ, ಸಮಿತ್ತು, ಯಜ್ಞದ ಸೌಟುಗಳನ್ನು ಹಿಡಿದು ಪಳಗಿದ್ದ ಕೈ ಕತ್ತಿಯನ್ನು ಹಿಡಿಯಿತು. ಪಲ್ಲವರ ಗಡಿಕಾವಲಿನ ಅಧಿಕಾರಿಗಳನ್ನು ಸೋಲಿಸಿ, ಶ್ರೀಪರ್ವತದ, ಎಂದರೆ ಇಂದಿನ ಶ್ರೀಶೈಲದ, ಬಾಗಿಲವರೆಗೆ ಹಬ್ಬಿದ್ದ ದುರ್ಗಮವಾದ ಅಡವಿಯಲ್ಲಿ ಮಯೂರಶರ್ಮನು ನೆಲೆಯೂರಿದನು. ಬೃಹದ್ಬಾಣರೇ ಮೊದಲಾದ ಅರಸರಿಂದ ಕಪ್ಪವನ್ನು ವಸೂಲು ಮಾಡಿದನು. ಪಲ್ಲವರ ಸೈನ್ಯ ಬೆನ್ನಟ್ಟಿ ಬಂದಾಗ ರಾತ್ರಿಯ ವೇಳೆ ಮೇಲೆರಗಿ ಅದನ್ನು ಕಂಗೆಡಿಸಿದನು. ಕಡೆಗೆ ಪಲ್ಲವರು ಆತನ ಪರಾಕ್ರಮವನ್ನೂ ಕುಲವನ್ನೂ ಪರಿಗಣಿಸಿ ಸಂಧಿ ಮಾಡಿಕೊಂಡರು. ಆಶ್ಚರ್ಯವೆಂದರೆ, ಮಯೂರಶರ್ಮನು ಕೆಲಕಾಲ ಅವರ ಸೇವೆಯಲ್ಲಿಯೇ ಇದ್ದು ಯುದ್ಧಗಳಲ್ಲಿ ಸಾಹಸವನ್ನು ಮೆರೆದನು. ಅವಮಾನಿಸಿದ ಕಾಂಚಿಯೊಡನೆ ಆತನ ಸಂಬಂಧ ಬರಿಯ ದ್ವೇಷದ್ದಾಗಿರಲಿಲ್ಲ. ಪಶ್ಚಿಮ ಸಮುದ್ರದವರೆಗಿನ ಪ್ರದೇಶಕ್ಕೆ ಆತನನ್ನು ಒಡೆಯನೆಂದು ಪಲ್ಲವರೇ ಮನ್ನಿಸಿದರು. ಇದು ನಡೆದುದು ಸುಮಾರು ಕ್ರಿ.ಶ. 345ರಲ್ಲೆಂದು ಇತಿಹಾಸಕಾರರ ಊಹೆ. ಹೀಗೆ ಕನ್ನಡ ನೆಲದಲ್ಲಿಯೇ ಹುಟ್ಟಿದ ಒಂದು ರಾಜವಂಶವು ಬನವಾಸಿಯಿಂದ ಆಳತೊಡಗಿತು.

ಈ ವೃತ್ತಾಂತವೆಲ್ಲ ತಿಳಿದುಬಂದುದು ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಶಿಲಾಸ್ತಂಭದ ಶಾಸನದಿಂದ. ಸುಮಾರು ನೂರು ವರ್ಷಗಳ ಅನಂತರ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಇದನ್ನು ರಚಿಸಿದನು. ವಂಶದ ಕೀರ್ತಿಯನ್ನು ಸಾರಲು ಹೊರಟ ಕವಿ ತುಸು ಹೊಗಳಿರಬಹುದು. ಆದರೂ ಮೂಲಪುರುಷನಿಗೊದಗಿದ ಅಪಮಾನವನ್ನು ಆತನು ಮರೆಮಾಚಲಿಲ್ಲ. ಶಾಸನದ ಭಾಷೆ ಸಂಸ್ಕೃತ; ಘಟಿಕೆಯ ವಿದ್ಯೆಯ ಭಾಷೆಯೂ ಅದೇ. ಕದಂಬರ ನಾಡಿನಲ್ಲಿ ಕನ್ನಡವೂ ಕಲ್ಲಿನ ಮೇಲೆ ಮೂಡಿತು. ಹಲ್ಮಿಡಿ ಶಾಸನ ಅವರ ಕಾಲದ್ದು. 2013ರಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆಯಿತು. ಕನ್ನಡ ಪದಗಳಿರುವ ಈ ಶಾಸನ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂಬುದು ಪುರಾತತ್ತ್ವ ಇಲಾಖೆಯ ಅಭಿಪ್ರಾಯ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಮಯೂರಶರ್ಮನ ಒಂದು ಶಾಸನವಿದೆ. ಪ್ರಾಕೃತದಲ್ಲಿರುವ ಅದು ಆತನು ಕೆರೆಯೊಂದನ್ನು ನಿರ್ಮಿಸಿದುದನ್ನು ತಿಳಿಸುತ್ತದೆ. ಜನರ ಬಾಯಿಯಲ್ಲಿ ಆತನು ಮಯೂರವರ್ಮನೆಂದೇ ಪ್ರಸಿದ್ಧ. ಆದರೆ ಚಂದ್ರವಳ್ಳಿಯ ಕಲ್ಲಿನ ಮೇಲೆ, ಅರಸನಾದ ಮೇಲೂ, ಆತನ ಹೆಸರು ಮಯೂರಶರ್ಮನೆಂದೇ ಇದೆ. ಕ್ಷತ್ರಿಯರಿಗೆ ಸಲ್ಲುವ ವರ್ಮ ಎಂಬ ಉಪಪದ ಆ ಮನೆತನಕ್ಕೆ ಬಂದುದು ಮಗನಾದ ಕಂಗವರ್ಮನಿಂದ. ವಿದ್ಯಾರ್ಥಿಯಾಗಿ ಕಾಂಚಿಗೆ ಹೊರಟಾಗ ಇದ್ದ ಹೆಸರನ್ನು ತಂದೆಯು ಬಿಡಲಿಲ್ಲ.