ಸಂತ ಜೋಸೆಫ್ ವಾಜ್ ಬರೆದುಕೊಟ್ಟ ಪತ್ರ

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಶ್ರೀಲಂಕಾದ ಪ್ರೇಷಿತರೆಂದು ಇಡೀ ಧರ್ಮಸಭೆ ಅವರನ್ನು ಗೌರವಿಸುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ಅವರು ಮೂರು ವರ್ಷ ನಮ್ಮ ಕರಾವಳಿಯಲ್ಲಿ ದುಡಿದವರು. ಬಸ್ರೂರು, ಕುಂದಾಪುರ, ಗಂಗೊಳ್ಳಿಯ ದಾರಿಗಳನ್ನು ಬರಿಗಾಲಲ್ಲಿ ಸವೆಸಿದವರು. ಈ ವಿಷಯ ನಮ್ಮ ಕ್ರೈಸ್ತ ಶಿಕ್ಷಣದ ಮಕ್ಕಳಿಗೆ ಎಷ್ಟು ಗೊತ್ತಿದೆಯೋ ತಿಳಿಯದು. ಅವರ ಪವಾಡಗಳ ಬಗ್ಗೆ ಪ್ರವಚನಗಳಲ್ಲಿ ಕೇಳಿದ್ದೇವೆ. ಅವರು ಹೇಗೆ ಪ್ರಾರ್ಥಿಸುತ್ತಿದ್ದರು ಎಂಬ ಬಗ್ಗೆ ಕೇಳಿದ್ದು ಕಡಿಮೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ. ಅದು ತಾಯಿಯ ಊರು, ತಂದೆಯದು ಸಾಂಕವಾಳ. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದರು. ಸಾಂಕವಾಳದಲ್ಲಿ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಒಂದು ಶಾಲೆ ನಡೆಸಿದರು.

ದೀಕ್ಷೆಯಾದ ಮರುವರ್ಷ, 1677ರ ಆಗಸ್ಟ್ 5ರಂದು, ಸಾಂಕವಾಳದ ಆರೋಗ್ಯ ಮಾತೆಯ ಚರ್ಚಿನಲ್ಲಿ, ಮಾತೆಯ ಪೀಠದ ಬುಡದಲ್ಲಿ ಅವರು ಒಂದು ಪತ್ರ ಬರೆದರು. ದಾಸ್ಯಪತ್ರ ಎಂದು ಅದನ್ನು ಕರೆಯಬಹುದು. ಪ್ರಾರ್ಥನೆಯೆಂದರೆ ನಮಗೆ ನೆನಪಾಗುವ ಸ್ತುತಿ, ಬೇಡಿಕೆಗಳ ರೂಪ ಅದಕ್ಕಿಲ್ಲ. ಆಸ್ತಿ ಮಾರುವಾಗ ಬರೆಯುವ ಕ್ರಯಪತ್ರದ ರೂಪ ಅದಕ್ಕಿದೆ. ಮಾರುವವರು ತಾವೇ, ಮಾರಾಟವಾಗುವ ಆಸ್ತಿಯೂ ತಾವೇ. ದೇವದೂತರು, ಮನುಷ್ಯರು, ಸಕಲ ಸೃಷ್ಟಿಗೆ ತಿಳಿಯಲಿ ಎಂದು ಆರಂಭಿಸಿ, ತನ್ನನ್ನೂ ತನಗೆ ಸೇರಿದ್ದೆಲ್ಲವನ್ನೂ ದೇವಮಾತೆಗೆ ಶಾಶ್ವತವಾಗಿ ಒಪ್ಪಿಸುತ್ತಾರೆ. ಈ ಕರಾರನ್ನು ರದ್ದು ಮಾಡಲು ಬರುವುದಿಲ್ಲ ಎಂದು ಕಾನೂನಿನ ಭಾಷೆಯಲ್ಲೇ ನಮೂದಿಸುತ್ತಾರೆ. ಕೊನೆಗೆ ಸ್ಥಳ, ದಿನಾಂಕ, ಸಹಿ. ಜಮೀನಿನ ಕಾಗದಪತ್ರ ಹಿಡಿದು ಕಾಪು, ಕಾರ್ಕಳದ ಕಚೇರಿಗಳಿಗೆ ಅಲೆದವರಿಗೆ ಈ ಭಾಷೆಯ ತೂಕ ತಟ್ಟನೆ ಅರ್ಥವಾಗುತ್ತದೆ.

ಇಡೀ ಪತ್ರದಲ್ಲಿ ಬೇಡಿಕೆ ಒಂದೇ: ಮಾತೆ ತನ್ನನ್ನು ದಾಸರ ಸಾಲಿಗೆ ಸೇರಿಸಿಕೊಳ್ಳಬೇಕು. ಅದನ್ನೂ ನೇರವಾಗಿ ಕೇಳಲು ತಾನು ಯೋಗ್ಯನಲ್ಲವೆಂದು ತಮ್ಮ ಕಾವಲು ದೂತರನ್ನು, ತಮಗೆ ಹೆಸರು ಕೊಟ್ಟ ಸಂತ ಜೋಸೆಫರನ್ನು, ಸ್ವರ್ಗದ ಸಮಸ್ತರನ್ನು ಮಧ್ಯಸ್ಥಿಕೆಗೆ ಕರೆಯುತ್ತಾರೆ.

ದಾಸ್ಯ ಎಂಬ ಮಾತು ಇಂದಿನ ಕಿವಿಗೆ ಒರಟು, ನಿಜ. ಆದರೆ ಮನುಷ್ಯರನ್ನು ಮಾರುವುದು ಆಗ ಕಣ್ಣೆದುರು ನಡೆಯುತ್ತಿದ್ದ ಸಂಗತಿ. ಗುಲಾಮಗಿರಿಗೆ ಸಿಕ್ಕಿದ್ದ ಕ್ರೈಸ್ತರನ್ನು ಮುಂದೆ ಇದೇ ಗುರುಗಳು ನಮ್ಮ ಕರಾವಳಿಯಲ್ಲಿ ಹಣ ತೆತ್ತು ಬಿಡಿಸಿದರು. ತಾವು ಬಳಸಿದ ಪದದ ಬೆಲೆ ಅವರಿಗೆ ಗೊತ್ತಿತ್ತು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಲೀಜನ್ ಆಫ್ ಮೇರಿ ಸದಸ್ಯರಿಗೆ ಸಂತ ಲೂಯಿ ಮೊಂಫೋರ್ಟರ ಮರಿಯ ಭಕ್ತಿ ಪರಿಚಿತ. ಈ ಪತ್ರ ಬರೆದಾಗ ಫ್ರಾನ್ಸಿನಲ್ಲಿ ಮೊಂಫೋರ್ಟರು ಇನ್ನೂ ನಾಲ್ಕು ವರ್ಷದ ಮಗು. ಹಾಗೆಂದು ವಾಜರೂ ಇದನ್ನು ಹೊಸದಾಗಿ ಕಂಡುಹಿಡಿದವರಲ್ಲ. ಮಾತೆಗೆ ದಾಸರಾಗಿ ಒಪ್ಪಿಸಿಕೊಳ್ಳುವ ಭಕ್ತಿ ಸ್ಪೇನಿನಲ್ಲಿ ಅದಕ್ಕೂ ಮೊದಲೇ ರೂಢಿಯಲ್ಲಿತ್ತು. ಹಿಂದಿನವರ ಪ್ರಾರ್ಥನೆಯನ್ನು ಅವರು ಕೈಗೆತ್ತಿಕೊಂಡರು. ತಮ್ಮ ಹೆಸರು, ತಮ್ಮ ಊರು, ತಮ್ಮ ದಿನಾಂಕ ಸೇರಿಸಿ ತಮ್ಮದಾಗಿಸಿಕೊಂಡರು.

ಶ್ರೀಲಂಕಾಕ್ಕೆ ಹೋಗಬೇಕೆಂಬುದು ಅವರ ಹಂಬಲ. ಗೋವಾದ ಅಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ. ಇಲ್ಲಿನ ಪರಿಸ್ಥಿತಿ ಸುಲಭದ್ದಾಗಿರಲಿಲ್ಲ. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಶುರುವಾಗಿ ಮೂರೇ ವರ್ಷ. ಪೋರ್ಚುಗೀಸ್ ಅರಸರ ಹಕ್ಕಿನ ಪದ್ರೊವಾದೊ ಗುರುಗಳು ಒಂದು ಕಡೆ. ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಾಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಿಂಧು ಎಂದು ತಿಳಿಯದೆ ಜನ ಕಂಗಾಲಾಗಿದ್ದರು. ವಾಜರು ಗೋವಾದ ಪ್ರತಿನಿಧಿಯಾಗಿ ಬಂದಿದ್ದರೂ ಬಿಷಪರೊಂದಿಗೆ ಜಗಳಕ್ಕೆ ನಿಲ್ಲದೆ ಮಾತುಕತೆಗೆ ಹೋದರು. ತನ್ನದೆಂಬುದನ್ನೆಲ್ಲ ಬರೆದುಕೊಟ್ಟವರಿಗೆ ಪ್ರತಿಷ್ಠೆಯೂ ತನ್ನದಲ್ಲವಷ್ಟೆ! ಆ ಪತ್ರ ನಾಲ್ಕು ವರ್ಷಗಳ ನಂತರ ನಮ್ಮ ನೆಲದಲ್ಲಿ ಫಲಕೊಟ್ಟಿತು ಎಂಬುದು ನನ್ನ ಅನಿಸಿಕೆ.

ಮಂಗಳೂರಿನಿಂದ ಹೊನ್ನಾವರದವರೆಗೆ ಅವರು ಊರೂರು ಸುತ್ತಿದರು. ಪಾಪನಿವೇದನೆ ಕೇಳಿದರು, ರೋಗಿಗಳನ್ನು ಭೇಟಿಯಾದರು, ಶಾಲೆಗಳನ್ನೂ ಭಕ್ತ ಭ್ರಾತೃತ್ವಗಳನ್ನೂ ಸ್ಥಾಪಿಸಿದರು. ಕುಂದಾಪುರ ಪರಿಸರದಲ್ಲಿ ಇಂದಿಗೂ ಒಂದು ಕಥೆ ಹೇಳುತ್ತಾರೆ: ಶಿಲುಬೆಯ ಮುಂದೆ ಪ್ರಾರ್ಥನೆಯಲ್ಲಿ ಮೈಮರೆತಿದ್ದ ಅವರು ನೆಲದಿಂದ ಮೇಲೆದ್ದು ನಿಂತಿದ್ದರಂತೆ. ಅದು ಜನರ ನಂಬಿಕೆ. ಹಗಲಿಡೀ ನಡೆದು ದಣಿದವರು ರಾತ್ರಿ ಶಿಲುಬೆಯ ಮುಂದೆ ಮೊಣಕಾಲೂರುತ್ತಿದ್ದರು ಎಂಬುದೇ ನನಗಂತೂ ದೊಡ್ಡದಾಗಿ ಕಾಣುತ್ತದೆ.

1684ರಲ್ಲಿ ಗೋವಾಕ್ಕೆ ಮರಳಿ, ಮರುವರ್ಷ ಅಲ್ಲಿನ ಒರಟೋರಿಯನ್ ಸಭೆ ಸೇರಿದರು. 1687ರಲ್ಲಿ ಕೊನೆಗೂ ಶ್ರೀಲಂಕಾ ತಲುಪಿದರು. ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಅಲ್ಲಿ ನಿಷೇಧವಿತ್ತು. ವೇಷ ಮರೆಸಿಕೊಂಡು, ಕೊರಳಲ್ಲಿ ಜಪಸರ ಹಾಕಿಕೊಂಡು, ಜಾಫ್ನಾದಲ್ಲಿ ಮನೆಮನೆಗೆ ಭಿಕ್ಷೆಗೆ ಹೋದರು. ಆ ಜಪಸರವನ್ನು ಯಾರ ಕಣ್ಣು ಗುರುತಿಸುತ್ತದೆಯೋ ಅದೇ ಕಥೋಲಿಕರ ಮನೆ. ಗುರುಗಳಿಲ್ಲದೆ ಹತ್ತಾರು ವರ್ಷ ಕಳೆದ ಆ ಮನೆಗಳಲ್ಲಿ ಉಳಿದಿದ್ದುದು ಅಜ್ಜ ಅಜ್ಜಿಯರಿಂದ ಬಾಯಿಪಾಠವಾಗಿ ಬಂದ ಪ್ರಾರ್ಥನೆಗಳು.

ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಗೆ ಹಾಕಿದಾಗ ಅಲ್ಲಿ ಕುಳಿತು ಸಿಂಹಳ ಕಲಿತರು. ಪ್ರಾರ್ಥನೆಗಳನ್ನು ತಮಿಳಿಗೆ, ಸಿಂಹಳಕ್ಕೆ ತಂದರು. ತಾವು ಇಲ್ಲದಾಗ ಪ್ರಾರ್ಥನೆ ನಡೆಸಲು ಊರೂರಲ್ಲಿ ಮೂಪ್ಪು, ಅಣ್ಣಾವಿ ಎಂಬ ಗೃಹಸ್ಥ ಮುಂದಾಳುಗಳನ್ನು ನೇಮಿಸಿದರು. ನಮ್ಮ ವಾಳೆಯ ಗುರಿಕಾರರು ತಮ್ಮ ಕೆಲಸವನ್ನು ವಂತಿಗೆ ಸಂಗ್ರಹ, ನೋಟಿಸು ಹಂಚಿಕೆ ಎಂದಷ್ಟೇ ತಿಳಿಯದೆ ಇದನ್ನು ಗಮನಿಸಬೇಕು. ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಆಗಿನ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಅವರು ಕೆನರಾ ಬಿಟ್ಟು ನೂರು ವರ್ಷಕ್ಕೆ, 1784ರಲ್ಲಿ, ನಮ್ಮ ಹಿರಿಯರನ್ನು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. 1799ರವರೆಗಿನ ಆ ಹದಿನೈದು ವರ್ಷ ಅವರ ಕೈಯಲ್ಲಿ ಚರ್ಚ್ ಕಟ್ಟಡಗಳಿರಲಿಲ್ಲ.

ಇಂದು ಕಾಪು, ಶಿರ್ವದ ಎಷ್ಟೋ ಮನೆಗಳಲ್ಲಿ ಸಂಜೆಯ ತೇರ್ಸ್‌ಗೆ ಕೂರುವವರು ವಯಸ್ಸಾದ ಇಬ್ಬರೇ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ. ಮಣಿಪಾಲದ ಆಸ್ಪತ್ರೆಯಲ್ಲಿ ಐಸಿಯು ಹೊರಗೆ ಕುಳಿತವರಿಗೆ ದೇವರಲ್ಲಿ ಏನು ಹೇಳಬೇಕೆಂದೇ ತೋಚುವುದಿಲ್ಲ. ಅಂಥ ಹೊತ್ತಿನಲ್ಲಿ ಸ್ವಂತ ಮಾತಿಗಾಗಿ ತಡಕಾಡಬೇಕಿಲ್ಲ. ಬಾಯಿಪಾಠದ ಪ್ರಾರ್ಥನೆ ಯಾಂತ್ರಿಕ ಎಂದು ಮೂಗು ಮುರಿಯುವವರಿದ್ದಾರೆ. ಆ ಬೆಂಚಿನ ಮೇಲೆ ಒಂದು ರಾತ್ರಿ ಕಳೆದವರು ಹಾಗೆ ಹೇಳಲಾರರು.

ಜನವರಿ ಕೊನೆಗೆ ಅತ್ತೂರು ಜಾತ್ರೆಗೆ ಹೋಗುವಾಗ ನಾವೆಲ್ಲ ಬೇಡಿಕೆಗಳ ಪಟ್ಟಿ ಹಿಡಿದೇ ಹೋಗುತ್ತೇವೆ. ಅದು ತಪ್ಪಲ್ಲ. ಅದಕ್ಕೆ ಮೊದಲು ಬರುವ ವಾಜರ ಹಬ್ಬದ ವಾರದಲ್ಲಿ ವಾಳೆಯ ಕೂಟಗಳು ಅವರ ಆ ಪತ್ರವನ್ನು ಓದಬಹುದು. ಪುಟ್ಟ ಪತ್ರವದು, ಐದು ನಿಮಿಷವೂ ಬೇಡ. ದಿನಕ್ಕೊಂದು ವಾಕ್ಯದಂತೆ ನಿಧಾನವಾಗಿ ಓದಿದರೆ ಒಳ್ಳೆಯದು. ಅವರ ಹೆಸರಿದ್ದಲ್ಲಿ ನಮ್ಮ ಹೆಸರು, ಸಾಂಕವಾಳ ಎಂದಿದ್ದಲ್ಲಿ ನಮ್ಮ ಚರ್ಚಿನ ಹೆಸರು. ಸಹಿ ಹಾಕುವುದು ಕೊನೆಗೆ, ಅದೂ ಪೂರ್ತಿ ಓದಿ ಒಪ್ಪಿಗೆಯಾದ ಮೇಲೆ.